ಬುಟ್ಟಿಯಲ್ಲಿ ಮೊಳಕೆಯೊಡೆದ ಉಳ್ಳಾಗಡ್ಡಿ

(ಹೆಸರನ್ನೂ ಗುರುತು ಸಿಗುವ ವಿವರಗಳನ್ನೂ ಬದಲಿಸಿದ್ದೇನೆ. ಬರೆಯಲು ತಾಯಿ, ಮಗಳು ಇಬ್ಬರೂ ಒಪ್ಪಿದ್ದಾರೆ.)

"ಅಕ್ಕಾರ, ಬುಟ್ಟ್ಯಾಗಿನ ಉಳ್ಳಾಗಡ್ಡಿ ಮೊಳಕಿ ಒಡದಾವ್ರಿ" ಎಂದು ಆ ತಾಯಿ ಮಾತು ಶುರುಮಾಡಿದರು. ಡಿಸೆಂಬರ್ ತಿಂಗಳು. ಮುಂಬೈ ಪಕ್ಕದ ಡೊಂಬಿವಲಿಯಿಂದ ಮುಲುಂಡಿನ ನನ್ನ ಆಪ್ತಸಮಾಲೋಚನೆಯ ಕೋಣೆಗೆ ಮಧ್ಯಾಹ್ನದ ಸ್ಲೋ ಲೋಕಲ್ ರೈಲು ಹಿಡಿದು ಬಂದಿದ್ದರು. ಏನು ಹೇಳುತ್ತಿದ್ದಾರೆಂದು ನನಗೆ ಕೂಡಲೇ ತಿಳಿಯಲಿಲ್ಲ.

ಮಗಳು ಮದುವೆಯಾಗಿ ನ್ಯೂಜೆರ್ಸಿಗೆ ಹೋಗಿ ಐದು ತಿಂಗಳು. ದಿನಾ ರಾತ್ರಿ ಒಂಬತ್ತೂವರೆಗೆ ವಿಡಿಯೋ ಕಾಲ್, ಅಲ್ಲಿ ಆಗ ಬೆಳಿಗ್ಗೆ ಹನ್ನೊಂದು. ಮಗಳು ಫೋನನ್ನು ಅಡುಗೆಕಟ್ಟೆಯ ಮೇಲೆ ಒರಗಿಸಿಟ್ಟು, ಇವತ್ತು ಸಾರು ಮಾಡಿದೆ, ಬದನೆಕಾಯಿ ಪಲ್ಯ ಮಾಡಿದೆ ಎನ್ನುತ್ತಾಳೆ. ಅವಳ ಹೆಗಲ ಹಿಂದೆ ಒಂದು ಬುಟ್ಟಿ ಕಾಣುತ್ತದೆ. ಅದರಲ್ಲಿ ಮೂರು ಉಳ್ಳಾಗಡ್ಡಿ. ಮೂರು ವಾರದಿಂದ ಅವೇ ಮೂರು. ಈಗ ಒಂದರ ಹಸಿರು ಮೊಳಕೆ ಗೇಣುದ್ದ ಬೆಳೆದು ಬುಟ್ಟಿಯಿಂದ ಹೊರಗೆ ಬಾಗಿದೆ. "ಉಳ್ಳಾಗಡ್ಡಿ ಇಲ್ದ ಆಕಿ ಎಂದೂ ಪಲ್ಯಾ ಮಾಡಿದಾಕಿ ಅಲ್ರಿ. ಆಕಿ ಒಲಿನ ಹಚ್ಚಿಲ್ಲ."

ಮಗಳನ್ನು ವಿದ್ಯಾ ಎಂದು ಕರೆಯುತ್ತೇನೆ. ವಯಸ್ಸು 26.

ಇಂಥ ಪ್ರಕರಣದಲ್ಲಿ ನಾನು ಮೊದಲು ಕೇಳುವುದು ಮನಸ್ಸಿನ ವಿಷಯವಲ್ಲ. ಪಾಸ್‌ಪೋರ್ಟ್ ಯಾರ ಹತ್ತಿರ ಇದೆ? ಮಾತಾಡುವಾಗ ಪಕ್ಕದಲ್ಲಿ ಯಾರಾದರೂ ಕೂತಿರುತ್ತಾರಾ? ಕೈಯಲ್ಲಿ ಒಂದಿಷ್ಟು ದುಡ್ಡಿದೆಯಾ? ಅಳಿಯ ಕೈ ಎತ್ತುತ್ತಾನಾ? ಇವುಗಳಲ್ಲಿ ಒಂದಕ್ಕೆ ಕೆಟ್ಟ ಉತ್ತರ ಬಂದರೂ ಹಿಡಿಯಬೇಕಾದ ದಾರಿಯೇ ಬೇರೆ. ದೌರ್ಜನ್ಯಕ್ಕೆ ಸಿಕ್ಕ ದಕ್ಷಿಣ ಏಷ್ಯಾದ ಹೆಣ್ಣುಮಕ್ಕಳಿಗೆಂದೇ 1985ರಲ್ಲಿ ಶುರುವಾದ 'ಮಾನವಿ' ಎಂಬ ಸಂಸ್ಥೆ ನ್ಯೂಜೆರ್ಸಿಯಲ್ಲಿದೆ. ಜೀವಕ್ಕೆ ಅಪಾಯವಿದ್ದರೆ ಅಲ್ಲಿ ಫೋನ್ ಮಾಡಬೇಕಾದ ನಂಬರ್ 911, ಸಾಯುವ ಯೋಚನೆ ಬರುತ್ತಿದ್ದರೆ 988. ಮೂರನ್ನೂ ಚೀಟಿಯಲ್ಲಿ ಬರೆದುಕೊಟ್ಟೆ. ಅಳಿಯ ಆಫೀಸಿನಲ್ಲಿದ್ದ ಹೊತ್ತು ನೋಡಿ ತಾಯಿ ಒಂದೊಂದೇ ಕೇಳಿ ಬಂದರು. ಅಂಥದ್ದೇನೂ ಇರಲಿಲ್ಲ. ಪಾಸ್‌ಪೋರ್ಟ್ ಅವಳ ಬ್ಯಾಗಿನಲ್ಲೇ ಇತ್ತು.

"ನೀವ ಆಕಿ ಕೂಡ ವಿಡಿಯೋದಾಗ ಮಾತಾಡ್ರಿ" ಎಂದು ಅವರು ಕೇಳಿಕೊಂಡರು. ನಾನು ಒಪ್ಪಲಿಲ್ಲ. ಅಮೆರಿಕದಲ್ಲಿರುವವರಿಗೆ ಚಿಕಿತ್ಸೆಯ ರೂಪದಲ್ಲಿ ಸಲಹೆ ಕೊಡಬೇಕಾದರೆ ಸಾಮಾನ್ಯವಾಗಿ ಆ ರಾಜ್ಯದ ಪರವಾನಗಿ ಬೇಕು, ನನ್ನ ಬಳಿ ಅದಿಲ್ಲ. ಹಾಗಾಗಿ ನನ್ನೆದುರು ಕೂತವರು ತಾಯಿ ಮಾತ್ರ. ಹಾಗಾದದ್ದೇ ಒಳ್ಳೆಯದಾಯಿತು ಎಂದು ಈಗ ಅನ್ನಿಸುತ್ತದೆ.

ವಿದ್ಯಾ ಎಂ.ಕಾಂ. ಮುಗಿಸಿ ನಾಲ್ಕು ವರ್ಷ ಮುಂಬೈಯ ಫೋರ್ಟ್‌ನಲ್ಲಿ ಲೆಕ್ಕಪತ್ರದ ಕೆಲಸ ಮಾಡಿದವಳು. ಬೆಳಿಗ್ಗೆ ಫಾಸ್ಟ್ ಲೋಕಲಿನ ಲೇಡೀಸ್ ಡಬ್ಬಿಯಲ್ಲಿ ಫೋರ್ತ್ ಸೀಟಿನ (ಮೂವರ ಸೀಟಿನಲ್ಲಿ ನಾಲ್ಕನೆಯವರ ಜಾಗ) ತುದಿಗೆ ಅರ್ಧ ಕೂತು ಪ್ರಯಾಣ, ಸಂಜೆ ಮರಳುವಾಗ ಅದೇ ಡಬ್ಬಿಯಲ್ಲಿ ಮೆಂತ್ಯಸೊಪ್ಪು ಬಿಡಿಸುವ ಗೆಳತಿಯರು. ಒಬ್ಬಳೇ ಇರುವುದು ಎಂದರೇನೆಂದು ಅವಳಿಗೆ ಗೊತ್ತೇ ಇರಲಿಲ್ಲ. ಈಗ ಕಾರಿಲ್ಲದೆ ಹಾಲು ತರುವುದಕ್ಕೂ ಆಗದ ಕಡೆ ಒಂದು ಅಪಾರ್ಟ್‌ಮೆಂಟ್, ಬೆಳಿಗ್ಗೆ ಎಂಟರಿಂದ ಸಂಜೆ ಏಳರವರೆಗೆ ಅವಳೊಬ್ಬಳೇ. ಗಂಡನದು ಕೆಲಸಕ್ಕೆಂದು ಕೊಡುವ ಎಚ್-1ಬಿ ವೀಸಾ, ಇವಳದು ಅವನ ಹೆಂಡತಿಯೆಂದು ಸಿಕ್ಕ ಎಚ್-4. ಅದರಲ್ಲಿ ಓದಬಹುದು, ದುಡಿಯುವಂತಿಲ್ಲ. 2015ರಿಂದ ಕೆಲವು ಎಚ್-4 ಹೆಂಡಂದಿರಿಗೆ ಕೆಲಸದ ಪರವಾನಗಿ ಸಿಗುತ್ತಿದೆಯಾದರೂ ಅದಕ್ಕೆ ಗಂಡನ ಗ್ರೀನ್ ಕಾರ್ಡ್ ಪ್ರಕ್ರಿಯೆ ಒಂದು ಹಂತ ದಾಟಿರಬೇಕು. ಇವರದು ಇನ್ನೂ ಶುರುವೇ ಆಗಿರಲಿಲ್ಲ.

ಎರಡನೇ ಭೇಟಿಯಲ್ಲಿ ಕೇಳಿದೆ: "ಅವಳು ನಿಮ್ಮಿಂದ ಮುಚ್ಚಿಡ್ತಿದಾಳೆ ಅಂತೀರಿ. ನೀವು ಅವಳಿಂದ ಏನು ಮುಚ್ಚಿಟ್ಟಿದ್ದೀರಿ?"

ಬಹಳ ಹೊತ್ತು ಸೆರಗಿನ ತುದಿ ಸುತ್ತುತ್ತ ಕೂತರು. ನವರಾತ್ರಿಯ ಹೊತ್ತಿಗೆ ಯಜಮಾನರಿಗೆ ಎದೆನೋವು ಬಂದು ಸ್ಟೆಂಟ್ ಹಾಕಿದ್ದರು. ಆಸ್ಪತ್ರೆಯ ಆ ಎರಡು ರಾತ್ರಿ ಮಗಳಿಗೆ "ನೆಟ್ ಇಲ್ಲವ್ವಾ" ಎಂದು ಮೆಸೇಜು. ಆಮೇಲೆ ದಿನಾ ಒಂಬತ್ತೂವರೆಗೆ ಅವರಿಗೆ ಇಸ್ತ್ರಿ ಮಾಡಿದ ಅಂಗಿ ತೊಡಿಸಿ, ಮುಖ ತೊಳೆಸಿ, ಸೋಫಾದ ಮೇಲೆ ಕೂರಿಸುತ್ತಿದ್ದರು. ಅತ್ತ ಮಗಳು ಮಾಡದ ಪಲ್ಯದ ಮಾತು, ಇತ್ತ ಅಪ್ಪನ ಇಸ್ತ್ರಿ ಅಂಗಿ. ದಿನಕ್ಕೆ ಮುಕ್ಕಾಲು ಗಂಟೆ ಮಾತಾಡುತ್ತಿದ್ದ ಇಬ್ಬರೂ ಒಬ್ಬರನ್ನೊಬ್ಬರು ಭೇಟಿಯೇ ಆಗಿರಲಿಲ್ಲ.

"ನೀವು ಮದುವೆಯಾಗಿ ಮುಂಬೈಗೆ ಬಂದಾಗ ತವರಿಗೆ ಏನಂತ ಬರೀತಿದ್ರಿ?" ಎಂದೆ. ಗದಗ ಕಡೆಯ ಹಳ್ಳಿಯಿಂದ ಅವರು ಬಂದದ್ದು 1993ರ ಫೆಬ್ರವರಿಯಲ್ಲಿ. ಮಾರ್ಚ್ 12ರಂದು ಮುಂಬೈಯಲ್ಲಿ ಸಾಲು ಸಾಲು ಬಾಂಬ್ ಸ್ಫೋಟ. ಯಜಮಾನರು ಕೆಲಸಕ್ಕೆ ಹೋಗುತ್ತಿದ್ದುದು ಷೇರುಪೇಟೆಯ ಕಟ್ಟಡದಿಂದ ನಾಲ್ಕು ಹೆಜ್ಜೆಗೆ. ಚಾಳಿನ ಕೋಣೆಯಲ್ಲಿ ಫೋನಿಲ್ಲ, ಇವರಿಗೆ ಮರಾಠಿ ಬಾರದು, ಆತ ಮನೆ ಸೇರಿದ್ದು ನಡುರಾತ್ರಿ. ಅಲ್ಲಿಯವರೆಗೆ ಬಾಗಿಲ ಹೊಸ್ತಿಲಲ್ಲಿ ನಿಂತೇ ಇದ್ದರಂತೆ. ಎರಡು ದಿನ ಬಿಟ್ಟು ಅವ್ವನಿಗೆ ಇನ್‌ಲ್ಯಾಂಡ್ ಪತ್ರ ಬರೆದರು: "ನಾವು ಇಲ್ಲಿ ಕ್ಷೇಮ. ನಿಮ್ಮ ಕ್ಷೇಮಕ್ಕೆ ಪತ್ರ ಬರೆಯುವುದು."

"ಇದನ್ನ ವಿದ್ಯಾಗ ಎಂದರ ಹೇಳೀರೇನು?" ಎಂದು ಅವರ ಧಾಟಿಯಲ್ಲೇ ಕೇಳಿದೆ. ಇಲ್ಲವೆಂದು ತಲೆಯಾಡಿಸಿದರು.

ನಾನು ಕೊಟ್ಟ ಸಲಹೆ ಇಷ್ಟೇ. ಉಳ್ಳಾಗಡ್ಡಿಯ ಮಾತು ಎತ್ತಬೇಡಿ. ಯಾಕೆ ಅಡುಗೆ ಮಾಡ್ತಿಲ್ಲ ಎಂದು ಕೇಳಿದರೆ ನಾಳೆಯಿಂದ ಬುಟ್ಟಿ ಕಾಣದ ಕಡೆ ಫೋನ್ ಇಡುತ್ತಾಳೆ, ಅಷ್ಟೇ. ಚೆನ್ನಾಗಿದ್ದೀಯಾ ಎಂದು ಕೇಳುವುದನ್ನೂ ಬಿಡಿ, ಅದಕ್ಕೆ ಹೆಣ್ಣುಮಕ್ಕಳು ಕೊಡುವ ಉತ್ತರ ಒಂದೇ. ಮೊದಲು ನಿಮ್ಮ ಮನೆಯ ನಿಜ ಹೇಳಿ: ಅಪ್ಪನ ಸ್ಟೆಂಟು, ಆಮೇಲೆ ಆ ಪತ್ರ. ಗಟ್ಟಿಯಾಗಿರು ಎಂಬ ಉಪದೇಶಕ್ಕಿಂತ, ಅವ್ವನೂ ಒಮ್ಮೆ ಹೀಗೆ ಒಂಟಿಯಾಗಿದ್ದಳು ಎಂಬುದು ಆ ಹುಡುಗಿಗೆ ಹೆಚ್ಚು ಬೇಕಾಗಿದೆ.

ಇಲ್ಲಿ ನನ್ನದೊಂದು ತಪ್ಪಾಯಿತು. ಮಗಳಿಗೆ ಸಿಟ್ಟು ಬರಬಹುದೆಂದು ತಾಯಿಯನ್ನು ಸಿದ್ಧಪಡಿಸಿರಲಿಲ್ಲ. ಸ್ಟೆಂಟಿನ ವಿಷಯ ಕೇಳಿದ್ದೇ ವಿದ್ಯಾ, "ನಾನು ನಿಮಗ ಹೊರಗಿನಾಕಿ ಆದೆ ಏನು?" ಎಂದು ಫೋನ್ ಇಟ್ಟಳು. ಎರಡು ದಿನ ಕರೆ ಇಲ್ಲ. ತಾಯಿ ನನ್ನ ಕೋಣೆಯಲ್ಲಿ ಕೂತು ಅತ್ತರು, ನನ್ನ ಮೇಲೂ ಬೇಜಾರಾದರು. ಆ ಎರಡು ದಿನ ನನಗೂ ನಿದ್ದೆ ಬರಲಿಲ್ಲ. ಮೂರನೇ ದಿನ, ಇಲ್ಲಿ ಬೆಳಗಿನ ಆರಕ್ಕೆ, ಅವಳೇ ಕರೆ ಮಾಡಿದಳು. ವಿಡಿಯೋ ಇಲ್ಲದೆ, ಬರೀ ದನಿ.

ಆಗ ಹೊರಬಂದದ್ದು ರೊಟ್ಟಿಯ ಕಥೆ. ಹೋದ ಮೊದಲ ವಾರ ತವರಿನಿಂದ ಒಯ್ದ ಜೋಳದ ಹಿಟ್ಟಿನಲ್ಲಿ ರೊಟ್ಟಿ ಬಡಿಯಲು ನಿಂತಿದ್ದಳು. ಅಲ್ಲಿ ಎಷ್ಟೋ ಅಪಾರ್ಟ್‌ಮೆಂಟುಗಳ ನೆಲ ಕಟ್ಟಿಗೆಯದು, ಸದ್ದು ಸೀದಾ ಕೆಳಗಿಳಿಯುತ್ತದೆ. ಮೂರನೇ ರೊಟ್ಟಿಗೆ ಕೆಳಗಿನ ಮನೆಯವರು ಕೋಲಿನಿಂದ ಛಾವಣಿ ಕುಟ್ಟಿದರು. ಕಲಸಿದ ಹಿಟ್ಟನ್ನು ಹಾಗೇ ಕಸದ ಚೀಲಕ್ಕೆ ಹಾಕಿದಳು. ಮರುದಿನ ಮೆಣಸಿನಕಾಯಿ ಒಗ್ಗರಣೆಗೆ ಹೊಗೆಯ ಅಲಾರಾಂ ಹೊಡೆದುಕೊಂಡಿತು. ಅಂದಿನಿಂದ ಬ್ರೆಡ್ಡು, ಬಿಸ್ಕಿಟು, ಸಂಜೆ ಗಂಡ ತರುವ ಊಟ. ತನ್ನ ಅಡುಗೆ, ತನ್ನ ಸದ್ದು, ತನ್ನ ವಾಸನೆ ಎಲ್ಲವೂ ಆ ಮನೆಯಲ್ಲಿ ತಪ್ಪು ಎಂದು ಅವಳ ಮನಸ್ಸಿಗೆ ಹತ್ತಿಬಿಟ್ಟಿತ್ತು. ಗಂಡನಿಗೂ ಹೇಳಿರಲಿಲ್ಲ.

"ಈಗ ಗಂಡನಿಗೆ ಅವಳೇ ಹೇಳಲಿ, ನೀವು ಅಳಿಯನಿಗೆ ಫೋನ್ ಮಾಡಬೇಡಿ" ಎಂದೆ. ಇದನ್ನು ನಾನು ಪ್ರತಿ ತಾಯಿಗೂ ಹೇಳುತ್ತೇನೆ. ದಂಪತಿಗಳ ಮಾತು ಡೊಂಬಿವಲಿಗೆ ಬಂದು, ಇಲ್ಲಿಂದ ಅಳಿಯನ ಕಿವಿಗೆ ಹೋದರೆ ಆತ ಅಪರಾಧಿಯ ಹಾಗೆ ಕೇಳಿಸಿಕೊಳ್ಳುತ್ತಾನೆ. ಹೆಂಡತಿಯ ಬಾಯಿಂದ ಕೇಳಿದ ಆ ಹುಡುಗ ಹಳೇ ಟವೆಲನ್ನು ನಾಲ್ಕು ಮಡಿಕೆ ಮಾಡಿ ರೊಟ್ಟಿ ಬಡಿಯುವ ಮಣೆಯ ಕೆಳಗಿಟ್ಟು, ತಾನೇ ಕೆಳಗಿಳಿದು ಹೋಗಿ ಸದ್ದು ಕೇಳುತ್ತದಾ ಎಂದು ನಿಂತು ನೋಡಿದನಂತೆ.

ಫೆಬ್ರವರಿಯಲ್ಲಿ ಅಪ್ಪನನ್ನು ನೋಡಲು ವಿದ್ಯಾ ಬಂದಳು. ಮೂರು ಸಲ ನನ್ನೆದುರು ಕೂತಳು. ಅವಳನ್ನು ಹೆಚ್ಚು ನೋಯಿಸಿದ್ದು ದುಡ್ಡು. 22ನೇ ವಯಸ್ಸಿನಿಂದ ಸ್ವಂತ ಸಂಬಳ ಎಣಿಸಿದವಳು ಈಗ ಶಾಂಪೂಗೆ ಗಂಡನ ಕಾರ್ಡ್ ಕೇಳಬೇಕು. ಆತ ಎಂದೂ ಇಲ್ಲ ಎಂದಿಲ್ಲ, ಕೇಳುವುದೇ ಅವಳಿಗೆ ಆಗುತ್ತಿರಲಿಲ್ಲ. ಜಂಟಿ ಖಾತೆ ತೆರೆಯಿರಿ, ಮನೆಖರ್ಚಿನ ಲೆಕ್ಕ ಪೂರ್ತಿ ನೀನೇ ಹಿಡಿ ಎಂದೆ. ಲೆಕ್ಕ ಅವಳ ಕಸುಬು, ಅದನ್ನು ಮಾಡುವಾಗ ಅವಳ ಬೆನ್ನು ನೆಟ್ಟಗಾಗುವುದನ್ನು ನಾನೇ ನೋಡಿದೆ. ಹಳೆಯ ಆಫೀಸಿನವರು ಅಲ್ಲಿಂದಲೇ ಕೆಲಸ ಮಾಡಿಕೊಡು ಎಂದಿದ್ದರು. ವಲಸೆ ವಕೀಲರನ್ನು ಕೇಳದೆ ಅದಕ್ಕೆ ಕೈ ಹಾಕಬೇಡ, ವೀಸಾಕ್ಕೇ ಕುತ್ತು ಬರಬಹುದು ಎಂದು ಖಡಾಖಂಡಿತವಾಗಿ ಹೇಳಿದೆ. ಡ್ರೈವಿಂಗ್ ಕಲಿಯಲು ಸೋಷಿಯಲ್ ಸೆಕ್ಯುರಿಟಿ ನಂಬರ್ (ಅಲ್ಲಿನ ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಬೇಕೇ ಬೇಕು ಎಂದು ಅವಳು ನಂಬಿದ್ದಳು. ಅದು ಸಿಗದವರು, ಸಿಗುವುದಿಲ್ಲ ಎಂಬ ಪತ್ರವನ್ನು ಆ ನಂಬರ್ ಕೊಡುವ ಕಚೇರಿಯಿಂದಲೇ ತಂದು ಅರ್ಜಿ ಹಾಕಬಹುದು. ಎಷ್ಟೋ ಹುಡುಗಿಯರು ಇದು ಗೊತ್ತಿಲ್ಲದೆ ವರ್ಷಗಟ್ಟಲೆ ಕಿಟಕಿ ನೋಡುತ್ತ ಕೂರುತ್ತಾರೆ.

"ಅತ್ತಿಯವರು ದಿನಾ ಏನರ ವಿಶೇಷ ಐತೇನು ಅಂತ ಕೇಳ್ತಾರ" ಎಂದಳು. ಅದಕ್ಕೆ ಉತ್ತರಿಸಬೇಕಾದವನು ಅವರ ಮಗ, ನೀನಲ್ಲ ಎಂದೆ.

ನಿದ್ದೆ, ಹಸಿವು ಸುಧಾರಿಸದಿದ್ದರೆ ತಡಮಾಡದೆ ಅಲ್ಲಿನ ವೈದ್ಯರಿಗೆ ತೋರಿಸುವುದಾಗಿ ಮಾತು ತೆಗೆದುಕೊಂಡು ಕಳಿಸಿದೆ.

ಮಾರ್ಚಿನಲ್ಲಿ ಅಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಯಿತು. ನಮ್ಮ ಒಂಬತ್ತೂವರೆ ಅಲ್ಲಿ ನಡುಮಧ್ಯಾಹ್ನ. ಹೋದ ವಾರ ತಾಯಿ ಬಂದಿದ್ದರು. ಯಜಮಾನರು ಬೆಳಗಿನ ವಾಕಿಂಗಿಗೆ ಹೋಗುತ್ತಾರೆ, ಇಸ್ತ್ರಿ ಅಂಗಿಯ ಕಾಟ ತಪ್ಪಿದೆ ಎಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನ್ನೆ ಹತ್ತ ನಿಮಿಷ ಅಷ್ಟ ಮಾತಾಡಿದ್ಲ್ರಿ. ಲೈಬ್ರರಿಗೆ ಹೊತ್ತಾಗ್ತೈತಿ ಅಂದ್ಲು" ಎಂದು ಕಣ್ಣು ಒರೆಸಿಕೊಂಡರು. ಮುಂದಿನ ಗುರುವಾರ ಮತ್ತೆ ಬರುತ್ತಾರೆ. ಇನ್ನು ನಾವು ಮಾತಾಡಬೇಕಾದದ್ದು ಅವರ ಬಗ್ಗೆ.