ದಸರೆಯಿಂದ ದೀಪಾವಳಿವರೆಗೆ ಬಾಗಿಲಿಗೆ ತೂಗುಹಾಕುವ ರೀತ್ ಕಡಿಮೆ ಖರ್ಚಿನಲ್ಲಿ ಮಾಡುವುದು ಹೇಗೆ?

ಬಾಗಲಕೋಟೆಯಲ್ಲಿದ್ದೀರಿ, ಬಾಗಿಲಿಗೆ ದುಂಡನೆಯ ರೀತ್ (ಎಲೆ, ತೆನೆಗಳನ್ನು ಬಳೆಯಾಕಾರಕ್ಕೆ ಕಟ್ಟಿದ ಅಲಂಕಾರ) ಬೇಕು, ವಿಡಿಯೊಗಳಲ್ಲಿ ತೋರಿಸುವ ಮೇಪಲ್ ಎಲೆ, ಪೈನ್ ಕಾಯಿ ಇಲ್ಲಿ ಸಿಗುವುದಿಲ್ಲ, ಖರ್ಚು ನೂರು ರೂಪಾಯಿ ದಾಟಬಾರದು ಅಂತ ಕೇಳಿದ್ದೀರಿ.

ಮೇಪಲ್ ಬಿಡಿ. ನಮ್ಮ ಕಡೆ ಈ ಹೊತ್ತಿಗೆ ಹೊಲದಿಂದ ಬರುವುದು ಸಜ್ಜೆ ಮತ್ತು ಗೋವಿನಜೋಳ. ಇವೆರಡರಲ್ಲೇ ಕೆಲಸ ಮುಗಿಯುತ್ತದೆ. ಬಿಳಿಜೋಳದ ತೆನೆ ಹುಡುಕಿಕೊಂಡು ಹೋಗಬೇಡಿ. ಹಿಂಗಾರಿ ಜೋಳದ ಬಿತ್ತನೆಯೇ ಈಗ, ಕೊಯ್ಲಿಗೆ ಬರುವುದು ಸಂಕ್ರಾಂತಿ ದಾಟಿದ ಮೇಲೆ.

12 ಇಂಚು ಅಗಲದ ಒಂದು ರೀತ್‌ಗೆ ಗೇಣುದ್ದದ ಸಜ್ಜೆ ತೆನೆ 26 ರಿಂದ 28 ಬೇಕು. ಜೊತೆಗೆ ಏಳೆಂಟು ಗೋವಿನಜೋಳದ ತೆನೆಯ ಸಿಪ್ಪೆ, 10 ಗೇಜಿನ ಜಿಐ (ಸತು ಲೇಪಿಸಿದ ಕಬ್ಬಿಣದ) ತಂತಿ 42 ಇಂಚು, ಒಂದು ಉಂಡೆ ಸುತಳಿ. ದುಡ್ಡು ಕೊಡಬೇಕಾಗಿರುವುದು ತಂತಿಗೆ ಮತ್ತು ಸುತಳಿಗೆ ಮಾತ್ರ. ತೆನೆ, ಸಿಪ್ಪೆ ಗುರುತಿನ ರೈತರನ್ನು ಕೇಳಿದರೆ ಸುಮ್ಮನೆ ಕೊಡುತ್ತಾರೆ. ಕಟ್ಟಡದವರು ಸರಳು ಬಿಗಿಯಲು ಬಳಸುವ ಕಪ್ಪು ಬೈಂಡಿಂಗ್ ತಂತಿ ಮಾತ್ರ ಬೇಡ. ಅದು ತುಕ್ಕು ಹಿಡಿದು ಬಾಗಿಲಿಗೆ ಕಲೆ ಮಾಡುತ್ತದೆ, ಒಣಗಿದ ದಂಟನ್ನೂ ಕತ್ತರಿಸುತ್ತದೆ.

ತೆನೆ ಪೂರ್ತಿ ಬಲಿಯುವ ಮೊದಲೇ ಕೊಯ್ಯಿಸಿ. ಕಾಳನ್ನು ಉಗುರಿನಿಂದ ಒತ್ತಿದರೆ ಹಾಲು ಬರಬಾರದು, ನಾದಿದ ಹಿಟ್ಟಿನ ಹಾಗೆ ಮೆತ್ತಗಿರಬೇಕು. ಪೂರ್ತಿ ಬಲಿತ ತೆನೆ ಕಟ್ಟುವಾಗಲೇ ಉದುರುತ್ತದೆ, ಆಮೇಲೆ ದಿನಾ ಹೊಸ್ತಿಲು ಗುಡಿಸುವ ಕೆಲಸ ನಿಮ್ಮದು. ಮೂರು ಇಂಚು ದಂಟು ಬಿಟ್ಟು ಕತ್ತರಿಸಿ, ಹತ್ತತ್ತರ ಕಟ್ಟು ಮಾಡಿ, ಗಾಳಿಯಾಡುವ ನೆರಳಿನಲ್ಲಿ ತಲೆಕೆಳಗಾಗಿ ತೂಗುಹಾಕಿ. ಎಂಟು ದಿನ ಸಾಕು. ಸೆಪ್ಟೆಂಬರ್ ಮಳೆ ಹಿಡಿದರೆ ಎರಡು ವಾರ ಬೇಕಾದೀತು. ಬೆಳಗಾವಿಯಂಥ ತಂಪು ಹವೆಯಲ್ಲಂತೂ ಎರಡು ವಾರ ಅಂತಲೇ ಲೆಕ್ಕ ಹಿಡಿಯಿರಿ. ದಂಟು ಬಗ್ಗಿಸಿದರೆ ಚಟ್ ಅಂತ ಮುರಿಯಬೇಕು. ಕೊನೆಗೆ ಎರಡು ದಿನ ಸುಡುಬಿಸಿಲಿಗೆ ಹಾಕಿದರೆ ಹುಳದ ಕಾಟ ಕಡಿಮೆ.

ಹೆಚ್ಚಿನವರು ಕೆಡಿಸಿಕೊಳ್ಳುವುದು ಇಲ್ಲಿಯೇ. ಹಸಿ ತೆನೆಯನ್ನೇ ಬಿಗಿಯಾಗಿ ಕಟ್ಟುತ್ತಾರೆ. ದಂಟು ಒಣಗಿ ಸಣ್ಣಗಾದ ಮೇಲೆ ಗಂಟು ಸಡಿಲಾಗಿ ತೆನೆಗಳು ಜಾರಿ ಬೀಳುತ್ತವೆ. ಗಂಟು ನಿಂತರೂ ಒಳಗೆ ತೇವ ಉಳಿದು ಬೂಷ್ಟು ಬರುತ್ತದೆ.

ತೆನೆ ಒಣಗುವ ದಿನಗಳಲ್ಲಿ ಸಿಪ್ಪೆಗೆ ಬಣ್ಣ ಹಾಕಿಕೊಳ್ಳಿ. ಹೊರಗಿನ ಒರಟು ಸಿಪ್ಪೆ ಬದಿಗಿಡಿ, ಒಳಗಿನ ತೆಳುವಾದದ್ದು ತೆಗೆದುಕೊಳ್ಳಿ. ಎರಡು ಲೀಟರ್ ನೀರಿಗೆ ನಾಲ್ಕು ಬೊಗಸೆ ಉಳ್ಳಾಗಡ್ಡಿ ಸಿಪ್ಪೆ ಹಾಕಿ ಅರ್ಧ ಗಂಟೆ ಕುದಿಸಿ ಸೋಸಿ. ಅದರಲ್ಲಿ ಅಡಿಕೆ ಗಾತ್ರದ ಪಟಕ (ಆಲಂ) ಕರಗಿಸಿ, ಗೋವಿನಜೋಳದ ಸಿಪ್ಪೆಯನ್ನು ರಾತ್ರಿಯಿಡೀ ನೆನೆಹಾಕಿ, ನೆರಳಿನಲ್ಲಿ ಒಣಗಿಸಿ. ಹೊಂಬಣ್ಣದಿಂದ ಕಂದುಗೆಂಪಿನವರೆಗೆ ಬಣ್ಣ ಬರುತ್ತದೆ. ಅರಿಸಿನದ ಬಣ್ಣ ಮೊದಲ ದಿನ ಕಣ್ಣು ಕುಕ್ಕಿದರೂ ಬಿಸಿಲಿಗೆ ಬೇಗ ಬಿಳಿಚಿಕೊಳ್ಳುತ್ತದೆ.

ತಂತಿಯನ್ನು ಕೊಡದ ಹೊಟ್ಟೆಗೆ ಸುತ್ತಿ ಬಳೆ ಮಾಡಿ. ತುದಿಗಳು ನಾಲ್ಕು ಇಂಚು ಒಂದರ ಮೇಲೊಂದು ಬರಲಿ, ಅಲ್ಲಿ ಬಿಗಿಯಾಗಿ ಕಟ್ಟಿ. ಬರಿ ತಂತಿಯ ಮೇಲೆ ತೆನೆ ಕಟ್ಟಿದರೆ ಭಾರಕ್ಕೆ ತಿರುಗಿ ಎಲ್ಲವೂ ಕೆಳಮುಖವಾಗುತ್ತವೆ. ಅದಕ್ಕೆ ಬದಿಗಿಟ್ಟ ಒರಟು ಸಿಪ್ಪೆಯನ್ನೋ ಕಬ್ಬಿನ ಒಣಗರಿಯಾದ ರವದಿಯನ್ನೋ ತಂತಿಗೆ ಸುತ್ತಿ, ಮೇಲೆ ಸುತಳಿ ಎಳೆದು, ಹೆಬ್ಬೆರಳ ದಪ್ಪ ಬರಿಸಿ. ತಲೆ ಮೇಲೆ ಕೊಡ ಹೊರಲು ಸಿಂಬಿ ಸುತ್ತುತ್ತಾರಲ್ಲ, ಹಾಗೆ.

ಆಮೇಲೆ ಎರಡು ತೆನೆ, ಬಣ್ಣ ಹಾಕಿದ ಸಿಪ್ಪೆ ಎರಡು ಸೇರಿಸಿ ಒಂದು ಜೊಂಪೆ. ಬಣ್ಣದ ಸಿಪ್ಪೆಯನ್ನು ಬಳಸುವ ಮುಂಚೆ ಒದ್ದೆ ಬಟ್ಟೆಯಲ್ಲಿ ಹತ್ತು ನಿಮಿಷ ಸುತ್ತಿಡಿ, ಇಲ್ಲದಿದ್ದರೆ ಮಡಿಸುವಾಗ ಸೀಳುತ್ತದೆ. ಜೊಂಪೆಯನ್ನು ಸಿಂಬಿಯ ಮೇಲಿಟ್ಟು ದಂಟಿನ ಸುತ್ತ ಸುತಳಿ ಮೂರು ಸುತ್ತು ಎಳೆಯಿರಿ. ಸುತಳಿ ಕತ್ತರಿಸಬೇಡಿ. ಮೂರು ಇಂಚು ಮುಂದೆ ಇನ್ನೊಂದು ಜೊಂಪೆ, ಅದರ ತೆನೆ ಹಿಂದಿನದರ ಗಂಟನ್ನು ಮುಚ್ಚಬೇಕು. ಎಲ್ಲ ತೆನೆ ಒಂದೇ ದಿಕ್ಕಿಗಿರಲಿ. ಹದಿಮೂರು ಜೊಂಪೆಗೆ ಸುತ್ತು ಮುಗಿಯುತ್ತದೆ. ಕೊನೆಯದರ ದಂಟನ್ನು ಮೊದಲನೆಯದರ ತೆನೆ ಎತ್ತಿ ಅದರಡಿ ತೂರಿಸಿ. ಮೂರು ದಿನ ಬಿಟ್ಟು ಸಿಪ್ಪೆ ಒಣಗಿ ಸಡಿಲಾದ ಕಡೆ ಮತ್ತೊಮ್ಮೆ ಬಿಗಿಯಿರಿ. ಬಿರಿದ ಹತ್ತಿಕಾಯಿ ಸಿಕ್ಕರೆ ಐದಾರು ಸಿಕ್ಕಿಸಿ, ಬಿಳುಪು ಚೆನ್ನಾಗಿ ಎದ್ದು ಕಾಣುತ್ತದೆ.

ಬನ್ನಿ ಎಲೆ ಸೇರಿಸಬೇಡಿ, ಒಣಗಿದ ಕೂಡಲೇ ಉದುರುತ್ತದೆ. ಚೆಂಡುಹೂವನ್ನೂ ಒಳಗೆ ಕಟ್ಟಬೇಡಿ, ಅದರ ತೇವಕ್ಕೆ ಪಕ್ಕದ ತೆನೆ ಕಪ್ಪಾಗುತ್ತದೆ. ಹಬ್ಬದ ದಿನ ಬೇರೆ ದಾರದಲ್ಲಿ ಪೋಣಿಸಿ ಮೇಲೆ ಇಳಿಬಿಟ್ಟು, ಮಾರನೆಯ ದಿನ ತೆಗೆದುಬಿಡಿ.

ನಿಮ್ಮದು ಹಳೆಯ ಮನೆಯ ಎರಡು ಪಡಿಯ ಬಾಗಿಲಾದರೆ 12 ಇಂಚಿನದು ನಡುವೆ ಸಿಕ್ಕಿಕೊಳ್ಳುತ್ತದೆ. ಪಡಿಗೊಂದರಂತೆ 8 ಇಂಚಿನ ಎರಡು ಮಾಡಿ, ಇಲ್ಲವೇ ಪಕ್ಕದ ಗೋಡೆಗೆ ಹಾಕಿ. ಹೊರಗೆ ಹಾಕಿದರೆ ಗುಬ್ಬಿ ಬಂದೇ ಬರುತ್ತವೆ. ಕಾಳು ಉದುರದಿರಲೆಂದು ಫೆವಿಕಾಲ್ ನೀರು ಚಿಮುಕಿಸುವವರಿದ್ದಾರೆ. ಒಳಬಾಗಿಲಿಗಾದರೆ ಸರಿ, ಹಕ್ಕಿ ಮುಟ್ಟುವ ಕಡೆ ಬೇಡ. ದೀಪಾವಳಿಯಲ್ಲಿ ಹಣತೆಯನ್ನು ಇದರ ಕೆಳಗಂತೂ ಇಡಲೇಬೇಡಿ, ಪಟಾಕಿ ಹೊಡೆಯುವ ರಾತ್ರಿ ರೀತ್ ಒಳಗಿರಲಿ. ಒಣ ಸಿಪ್ಪೆ, ಹತ್ತಿ ಎರಡೂ ಒಂದೇ ಕಿಡಿಗೆ ಹೊತ್ತಿಕೊಳ್ಳುತ್ತವೆ.

ಹಬ್ಬ ಮುಗಿದ ಮೇಲೆ ಅಂಟು ಹಾಕದ ತೆನೆಗಳನ್ನು ಬಿಚ್ಚಿ ಅಂಗಳದಲ್ಲಿ ಗುಬ್ಬಿಗೆ ಕಟ್ಟಿ. ತಂತಿ ಬಳೆ ಎತ್ತಿಟ್ಟರೆ ಮುಂದಿನ ವರ್ಷ ಸುತಳಿ ಒಂದನ್ನೇ ಕೊಂಡರಾಯಿತು.