ಸೈರನ್ ಕೂಗದ ಹೊತ್ತಿನಲ್ಲೂ ಈ ಕೆಲಸ ಹಿಡಿಸೀತೇ?

(ಆಂಬುಲೆನ್ಸ್‌ನಲ್ಲಿ ಬಹುಕಾಲ ತುರ್ತು ಚಿಕಿತ್ಸೆ ನೀಡುವ ಪ್ಯಾರಾಮೆಡಿಕ್ ಆಗಿ ದುಡಿದು, ಈಗ ಹೊಸಬರಿಗೆ ತರಬೇತಿ ನೀಡುತ್ತಿರುವ ನಮ್ಮ ಅಂಕಣಗಾರ್ತಿ ಈ ಬಾರಿ ಮೂರು ಪತ್ರಗಳಿಗೆ ಉತ್ತರಿಸಿದ್ದಾರೆ.)

ಪ್ರಶ್ನೆ: ಮೇಡಂ, ನನಗೆ 28 ವರ್ಷ. ವಾಣಿಜ್ಯ ಪದವಿ ಮುಗಿಸಿ ಕಚೇರಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. ಹೋದ ವರ್ಷ ಕಚೇರಿಯವರು ಏರ್ಪಡಿಸಿದ್ದ ಪ್ರಥಮ ಚಿಕಿತ್ಸೆಯ ತರಬೇತಿಗೆ ಹೋಗಿ ಬಂದಾಗಿನಿಂದ ಮನಸ್ಸು ಲೆಕ್ಕದಲ್ಲಿ ನಿಲ್ಲುತ್ತಿಲ್ಲ. ಆಂಬುಲೆನ್ಸ್ ಸೇವೆಗೆ ಸೇರುವ ಆಸೆ. ಆದರೆ ಶಾಲೆಯಲ್ಲಿ ವಿಜ್ಞಾನದಲ್ಲಿ ನಾನು ತೀರಾ ಸಾಧಾರಣ. ರಕ್ತ ಕಂಡರೆ ಹೊಟ್ಟೆ ತೊಳಸುತ್ತದೆ. 'ಸಾವುನೋವಿನ ನಡುವೆ ಬದುಕುವ ಹುಚ್ಚು ನಿನಗೇಕೆ' ಎಂದು ಮನೆಯವರು ಕೇಳುತ್ತಾರೆ. ಸೇರಲೇ, ಬಿಡಲೇ?

ಉತ್ತರ: ರಕ್ತದ ವಿಷಯವನ್ನು ಮೊದಲು ಮುಗಿಸಿಬಿಡುತ್ತೇನೆ. ತರಬೇತಿಗೆ ಬರುವ ಎಲ್ಲರೂ ಇದನ್ನೇ ಕೇಳುತ್ತಾರೆ. ಬಹುಪಾಲು ಜನ ಒಗ್ಗಿಕೊಳ್ಳುತ್ತಾರೆ. ಗಾಯದ ಮೇಲೆ ಬಟ್ಟೆ ಒತ್ತಿ ಹಿಡಿದಿರುವ ಕೈಯ ಒಡೆಯನಿಗೆ ಹೊಟ್ಟೆ ತೊಳಸಲು ಪುರುಸೊತ್ತಿರುವುದಿಲ್ಲ. ರಕ್ತ ಕಂಡೊಡನೆ ರಕ್ತದೊತ್ತಡ ಕುಸಿದು ನಿಜವಾಗಿಯೂ ಬಿದ್ದುಬಿಡುವವರೂ ಇದ್ದಾರೆ. ಅಂಥವರಿಗೂ ಕೈಕಾಲುಗಳ ಸ್ನಾಯುಗಳನ್ನು ಬಿಗಿಹಿಡಿದು ಒತ್ತಡವನ್ನು ಮೇಲೇರಿಸುವ ಅಭ್ಯಾಸವನ್ನು ಹೇಳಿಕೊಡುತ್ತಾರೆ. ನನ್ನನ್ನು ಕೇಳಿದರೆ ರಕ್ತಕ್ಕಿಂತ ವಾಸನೆ ಕಷ್ಟ. ಅದರ ಬಗ್ಗೆ ಇದುವರೆಗೆ ಯಾರೂ ಪತ್ರ ಬರೆದಿಲ್ಲ.

ನೀವು ಕೇಳಬೇಕಾಗಿದ್ದುದು ಬೇರೆಯೇ ಇದೆ: ಆ ವಾಹನದಲ್ಲಿ ದಿನ ಹೇಗೆ ಕಳೆಯುತ್ತದೆ? ಎದೆ ಒತ್ತಿ ಜೀವ ಉಳಿಸುವ ಗಳಿಗೆ ಬರುವುದುಂಟು. ಆದರೆ ಬರುವ ಕರೆಗಳಲ್ಲಿ ಹೆಚ್ಚಿನವು ಮಂಚದ ಪಕ್ಕ ಜಾರಿಬಿದ್ದ ವೃದ್ಧರು, ಉಬ್ಬಸ, ಹೊಟ್ಟೆನೋವು, ಮೂರ್ಛೆರೋಗ, ಸಕ್ಕರೆಯ ಏರುಪೇರು, ಕುಡಿದು ಬಿದ್ದವರು. ಏನೂ ಆಗದೆ, ಬರೀ ಒಂಟಿತನಕ್ಕೆ ಕರೆ ಮಾಡುವವರೂ ಇದ್ದಾರೆ. ಉಳಿದ ಹೊತ್ತಿನಲ್ಲಿ ಆಮ್ಲಜನಕದ ಸಿಲಿಂಡರಿನ ಒತ್ತಡ ನೋಡುವುದು, ಖಾಲಿಯಾದ ಸಾಮಗ್ರಿ ತುಂಬುವುದು, ವಾಂತಿ ತೊಳೆಯುವುದು, ಆಸ್ಪತ್ರೆಯ ಓಣಿಯಲ್ಲಿ ಹಾಸಿಗೆ ಖಾಲಿಯಾಗಲೆಂದು ರೋಗಿಯ ಪಕ್ಕದಲ್ಲೇ ನಿಂತು ಕಾಯುವುದು, ಆಮೇಲೆ ಅಷ್ಟನ್ನೂ ಸಮಯಸಮೇತ ಬರೆದಿಡುವುದು. ಲೆಕ್ಕಪತ್ರದವರೆಂದಿರಲ್ಲ, ಈ ಕೊನೆಯ ಕೆಲಸದಲ್ಲಿ ನೀವು ನನ್ನ ಅನೇಕ ಸಹೋದ್ಯೋಗಿಗಳಿಗಿಂತ ಮುಂದಿರುತ್ತೀರಿ.

ಇದನ್ನೆಲ್ಲ ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ನನಗೆ ಈ ಕೆಲಸ ರುಚಿಸಿದ್ದೇ ಇಂಥ ಸಾಮಾನ್ಯ ಕರೆಗಳಲ್ಲಿ. 'ಕುಡಿದು ಗಲಾಟೆ ಮಾಡುತ್ತಿದ್ದಾನೆ' ಎಂಬ ಕರೆಗೆ ಹೋಗುತ್ತೀರಿ. ಮೈಯೆಲ್ಲ ಬೆವರು, ನಾಲಿಗೆ ತೊದಲು, ಬಾಯಿ ತೆರೆದರೆ ಬೈಗುಳ. ನೆರೆದವರೆಲ್ಲ ಆಗಲೇ ತೀರ್ಪು ಕೊಟ್ಟಾಗಿರುತ್ತದೆ. ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆದು ನೋಡಿದರೆ ಸಕ್ಕರೆ 70ಕ್ಕಿಂತ ಬಹಳ ಕೆಳಗೆ. ಇನ್ಸುಲಿನ್ ಚುಚ್ಚಿಕೊಂಡು ಊಟ ಮರೆತ ಮನುಷ್ಯ. ಗ್ಲುಕೋಸ್ ಹೋದ ಸ್ವಲ್ಪ ಹೊತ್ತಿಗೆ ಅವನು ಕಣ್ಣರಳಿಸಿ, 'ನೀವು ಯಾರು? ನನ್ನ ಅಂಗಿಯನ್ನೇಕೆ ಕತ್ತರಿಸಿದಿರಿ?' ಎಂದು ಸಭ್ಯವಾಗಿಯೇ ಜಗಳಕ್ಕೆ ಬರುತ್ತಾನೆ. ಅಂಥ ಜಗಳ ನನಗೆ ಬಹಳ ಇಷ್ಟ.

ಇನ್ನೊಂದು ಕರೆ: ಬಾಯಿ ಒಂದು ಕಡೆಗೆ ಸೊಟ್ಟಗಾಗಿದೆ, ಒಂದು ಕೈ ಮೇಲೇಳುತ್ತಿಲ್ಲ, ಪಾರ್ಶ್ವವಾಯು. ಇಲ್ಲಿ ನಿಮ್ಮ ಚೀಲದಲ್ಲಿರುವ ಯಾವ ಉಪಕರಣಕ್ಕಿಂತಲೂ ಒಂದು ಪ್ರಶ್ನೆ ಹೆಚ್ಚು ಉಪಯೋಗಕ್ಕೆ ಬರುತ್ತದೆ: ಇವರು ಸರಿಯಾಗಿದ್ದುದನ್ನು ಕೊನೆಯದಾಗಿ ಯಾರು, ಎಷ್ಟು ಹೊತ್ತಿಗೆ ನೋಡಿದಿರಿ? ಮಿದುಳಿನ ರಕ್ತನಾಳದಲ್ಲಿನ ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. 'ಈಗ ಬೆಳಿಗ್ಗೆ ಎದ್ದಾಗ ಹೀಗಾಯಿತು' ಎನ್ನುತ್ತಾರೆ ಮನೆಯವರು. ಹಾಗಿದ್ದರೆ ಗಡಿಯಾರ ಓಡಲು ಶುರುವಾದದ್ದು ರಾತ್ರಿ ಮಲಗಿದ ಹೊತ್ತಿನಿಂದ. ಆದರೆ ಮೊಮ್ಮಗಳು ಮೂಲೆಯಿಂದ, 'ಇಲ್ಲ, ಐದು ಗಂಟೆಗೆ ನೀರು ಕುಡಿದು ನನ್ನನ್ನು ಬೈದರು' ಎಂದರೆ ಆಸ್ಪತ್ರೆಯಲ್ಲಿ ಚಿಕಿತ್ಸೆಯ ದಾರಿಯೇ ಬದಲಾಗಬಹುದು. ಅಳುತ್ತಿರುವ, ಒಬ್ಬರ ಮೇಲೊಬ್ಬರು ಮಾತಾಡುತ್ತಿರುವ ಮನೆಯಲ್ಲಿ ಆ ಮೊಮ್ಮಗಳ ಮಾತನ್ನು ಹೊರಗೆ ತರಬಲ್ಲಿರಾದರೆ, ಶಾಲೆಯ ವಿಜ್ಞಾನದ ಅಂಕಗಳ ಬಗ್ಗೆ ನಾನು ತಲೆಕೆಡಿಸಿಕೊಳ್ಳುವುದಿಲ್ಲ.

ಅಂಕಗಳ ಮಾತು ಬಂದದ್ದರಿಂದ ಒಂದು ಇತಿಹಾಸ. 1960ರ ದಶಕದಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ ರೋಗಿಗಳನ್ನು ಸಾಗಿಸುತ್ತಿದ್ದುದು ಪೊಲೀಸ್ ವ್ಯಾನುಗಳು. ಎಷ್ಟೋ ಬೇರೆ ಊರುಗಳಲ್ಲಿ ಶವಸಂಸ್ಕಾರದ ಕಂಪನಿಗಳ ಗಾಡಿಗಳು. ದಾರಿಯಲ್ಲಿ ಚಿಕಿತ್ಸೆಯ ಮಾತೇ ಇರಲಿಲ್ಲ. ಅಲ್ಲಿನ ಅರಿವಳಿಕೆ ತಜ್ಞ ಪೀಟರ್ ಸಫಾರ್ 1966ರಲ್ಲಿ ತನ್ನ ಮಗಳನ್ನು ಅಸ್ತಮಾಕ್ಕೆ ಕಳೆದುಕೊಂಡಿದ್ದರು. ಮರುವರ್ಷ ಆರಂಭವಾದ ಫ್ರೀಡಂ ಹೌಸ್ ಎಂಬ ಆಂಬುಲೆನ್ಸ್ ಸೇವೆಗೆ ತರಬೇತಿ ರೂಪಿಸಿದವರು ಅವರೇ. ಸೇರಿದವರು ಯಾರು? ಹಿಲ್ ಡಿಸ್ಟ್ರಿಕ್ಟ್ ಎಂಬ ಬಡ ಬಡಾವಣೆಯ ಕಪ್ಪು ಯುವಕರು. ಅನೇಕರಿಗೆ ಕೆಲಸವಿರಲಿಲ್ಲ, ಕೆಲವರದು ಶಾಲೆಯೂ ಮುಗಿದಿರಲಿಲ್ಲ. ಅವರು ಅಂಗರಚನೆ ಕಲಿತರು, ಆಸ್ಪತ್ರೆಯಲ್ಲಿ ನಿಂತು ಪಳಗಿದರು. ಅಮೆರಿಕದ ಮೊದಲ ಪ್ಯಾರಾಮೆಡಿಕ್‌ಗಳ ಸಾಲಿನಲ್ಲಿ ಅವರ ಹೆಸರಿದೆ. ಮುಂದೆ ಅವರ ವೈದ್ಯಕೀಯ ಹೊಣೆ ಹೊತ್ತ ಡಾ. ನ್ಯಾನ್ಸಿ ಕ್ಯಾರೊಲಿನ್ ಪ್ಯಾರಾಮೆಡಿಕ್‌ಗಳಿಗಾಗಿ ಪಠ್ಯಪುಸ್ತಕವನ್ನೇ ಬರೆದರು. 1975ರಲ್ಲಿ ನಗರಾಡಳಿತ ತನ್ನದೇ ಸೇವೆ ಶುರು ಮಾಡಿ ಫ್ರೀಡಂ ಹೌಸನ್ನು ಮುಚ್ಚಿಸಿತು. ಅದು ಬೇರೆ ಸಿಟ್ಟಿನ ಕಥೆ, ಇಲ್ಲಿ ಬೇಡ. ಈ ಕೆಲಸಕ್ಕೆ ಓದು ಬೇಕು, ಚೆನ್ನಾಗಿಯೇ ಬೇಕು. ಅದನ್ನು 28ರಲ್ಲಿ ಆರಂಭಿಸಲು ಅಡ್ಡಿಯಿಲ್ಲ.

ಎಷ್ಟು ಓದು ಎನ್ನುವುದು ದೇಶದ ಮೇಲೆ ನಿಂತಿದೆ. ಅಮೆರಿಕದಲ್ಲಿ ಮೊದಲ ಹಂತದ ತುರ್ತು ವೈದ್ಯಕೀಯ ತಂತ್ರಜ್ಞರ ಕೋರ್ಸು ಕೆಲವು ತಿಂಗಳಲ್ಲಿ ಮುಗಿಯುತ್ತದೆ, ಪ್ಯಾರಾಮೆಡಿಕ್ ಆಗಲು ಅದಕ್ಕಿಂತ ಎಷ್ಟೋ ಹೆಚ್ಚು ಬೇಕು. ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಪ್ಯಾರಾಮೆಡಿಕ್ ಎಂದರೆ ಪದವಿ ಮಟ್ಟದ ಓದು. ಎಲ್ಲಿ ದುಡಿಯಬೇಕೆಂದಿದ್ದೀರೋ ಅಲ್ಲಿ ಯಾವ ಅರ್ಹತೆಗೆ ಮಾನ್ಯತೆ ಇದೆ ಎಂದು ವಿಚಾರಿಸಿಯೇ ಶುಲ್ಕ ಕಟ್ಟಿ.

ಈಗ ಮೈಕೆಲಸದ ಬಗ್ಗೆ. ಎದೆ ಒತ್ತುವುದೆಂದರೆ ನಿಮಿಷಕ್ಕೆ 100ರಿಂದ 120 ಸಲ, ದೊಡ್ಡವರಿಗೆ ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗುವುದು ಶಿಷ್ಟಾಚಾರಕ್ಕಲ್ಲ. ಅಷ್ಟರಲ್ಲಿ ಒತ್ತುವವರ ಬಲ ಇಳಿದಿರುತ್ತದೆ. ಆದರೆ ನಮ್ಮವರನ್ನು ಕೆಲಸ ಬಿಡಿಸುವುದು ಬಹಳ ಸಲ ಬೆನ್ನು. 1965ರ ಸುಮಾರಿಗೆ ಬೆಲ್‌ಫಾಸ್ಟ್‌ನ ಹೃದ್ರೋಗ ತಜ್ಞ ಫ್ರಾಂಕ್ ಪ್ಯಾಂಟ್ರಿಜ್ ಆಂಬುಲೆನ್ಸ್‌ನಲ್ಲಿ ಒಯ್ಯಬಹುದಾದ ಡಿಫಿಬ್ರಿಲೇಟರ್, ಅಂದರೆ ಲಯ ತಪ್ಪಿದ ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಯಂತ್ರ, ತಯಾರಿಸಿದಾಗ ಅದರ ತೂಕ ಸುಮಾರು 70 ಕಿಲೋ. ಇಂದು ಅದು ಕೈಚೀಲದಷ್ಟು ಹಗುರ. ರೋಗಿಗಳ ತೂಕ ಮಾತ್ರ ಇಳಿದಿಲ್ಲ, ಅವರು ಮೇಲಿನ ಮಹಡಿಯಲ್ಲೇ ಕುಸಿಯುತ್ತಾರೆ. ಮಂಡಿ ಬಗ್ಗಿಸಿ ಭಾರ ಎತ್ತುವುದನ್ನು ಇಂದಿನಿಂದಲೇ ಅಭ್ಯಾಸ ಮಾಡಿ.

ಮನೆಯವರ ಸಾವಿನ ಮಾತಿಗೆ ಬರುತ್ತೇನೆ. ಅವರು ಹೇಳಿದ್ದು ಸುಳ್ಳಲ್ಲ. ಆಸ್ಪತ್ರೆಯ ಹೊರಗೆ ಹೃದಯ ನಿಂತವರಲ್ಲಿ ಬದುಕಿ ಮನೆಗೆ ಮರಳುವವರು, ಅಮೆರಿಕದಂಥ ದೇಶದಲ್ಲೂ ಹತ್ತರಲ್ಲಿ ಸುಮಾರು ಒಬ್ಬರು. ಎಲ್ಲವನ್ನೂ ಸರಿಯಾಗಿ ಮಾಡಿದ ಮೇಲೂ ಹೆಚ್ಚಿನವರು ಉಳಿಯುವುದಿಲ್ಲ. ಉಳಿದವರ ಸುದ್ದಿಯೂ ನಮಗೆ ತಲುಪುವುದು ಅಪರೂಪ. ಆಸ್ಪತ್ರೆಯ ಬಾಗಿಲಲ್ಲಿ ಒಪ್ಪಿಸಿದ ಮೇಲೆ ಅವರು ಬೇರೆಯವರ ರೋಗಿ. ಕಥೆಯ ಕೊನೆಯ ಪುಟ ಓದದೆ ನಿದ್ದೆ ಬಾರದವರು ನೀವಾದರೆ ಇದು ನಿಮಗೆ ರಕ್ತಕ್ಕಿಂತ ದೊಡ್ಡ ಸಮಸ್ಯೆ. ಅದಕ್ಕೆ ತರಗತಿಯಲ್ಲಿ ಮದ್ದಿಲ್ಲ.

ಮನೆಯವರೊಂದಿಗೆ ಸಾವಿನ ಬಗ್ಗೆ ವಾದ ಮಾಡುವ ಬದಲು ರಾತ್ರಿ ಪಾಳಿಯ ಬಗ್ಗೆ ಮಾತಾಡಿ. ಹಬ್ಬದ ದಿನ ನೀವು ಇರುವುದಿಲ್ಲ, ಅವರು ಏಳುವ ಹೊತ್ತಿಗೆ ನೀವು ಮಲಗುತ್ತೀರಿ. ಹೊಣೆಗೆ ಹೋಲಿಸಿದರೆ ಬಹುತೇಕ ಕಡೆ ಸಂಬಳ ಕಡಿಮೆಯೇ. ಈಗಿನ ಸಂಬಳದ ಅರ್ಧದಲ್ಲಿ ಮೂರು ತಿಂಗಳು ಬದುಕಿ ನೋಡಿ, ಲೆಕ್ಕ ನಿಮಗೇ ಬರುತ್ತದಲ್ಲ.

ನನ್ನ ಒಲವು ಕೇಳಿದರೆ: ಸೇರಿ. ಆದರೆ ರಾಜೀನಾಮೆ ಪತ್ರ ಇನ್ನೂ ಬರೆಯಬೇಡಿ. ಸಂಜೆ ಅಥವಾ ವಾರಾಂತ್ಯದ ಮೂಲ ಕೋರ್ಸ್ ಸಿಕ್ಕರೆ ಮಾಡಿ. ವೀಕ್ಷಕರಾಗಿ ಆಂಬುಲೆನ್ಸ್‌ನಲ್ಲಿ ಬರಲು ಅನುಮತಿ ಕೇಳಿ. ಕೊಟ್ಟರೆ ರಾತ್ರಿ ಪಾಳಿಯನ್ನೇ ಆರಿಸಿಕೊಳ್ಳಿ. ಚಾಲಕನ ಪಕ್ಕದಲ್ಲಿ ಕೂರಬೇಡಿ, ಹಿಂದೆ ಕುಳಿತು ವಾಹನ ತಿರುವಿನಲ್ಲಿ ತೂಗುವಾಗ ಕಾಗದದ ಮೇಲೆ ನಾಲ್ಕು ಸಾಲು ಬರೆಯಿರಿ. ಪ್ರಯಾಣದ ವಾಕರಿಕೆಯವರಿಗೆ ಅಲ್ಲಿ ಅರ್ಧ ಗಂಟೆಯಲ್ಲಿ ಉತ್ತರ ಸಿಗುತ್ತದೆ. ಇನ್ನೊಂದು, ಈ ಕೆಲಸ ಬಿಟ್ಟವರೊಬ್ಬರನ್ನು ಹುಡುಕಿ ಮಾತಾಡಿಸಿ. ಇರುವವರು ನಮ್ಮ ಕೆಲಸವನ್ನು ಹೊಗಳುತ್ತೇವೆ ಅಥವಾ ಗೊಣಗುತ್ತೇವೆ. ಬಿಟ್ಟವರು ಕಾರಣ ಹೇಳುತ್ತಾರೆ.

ಪ್ರಶ್ನೆ: ನಾನು ತುರ್ತು ಸೇವೆಯಲ್ಲಿ ಎರಡು ವರ್ಷದಿಂದ ಇದ್ದೇನೆ. ಒಂದು ಮಗುವಿನ ಕರೆಯ ನಂತರ ಅದೇ ದೃಶ್ಯ ಮತ್ತೆ ಮತ್ತೆ ಕಣ್ಣಮುಂದೆ ಬರುತ್ತಿದೆ. ಎರಡು ತಿಂಗಳಾಯಿತು, ನಿದ್ದೆಯಿಲ್ಲ. 'ಗಟ್ಟಿಯಾಗು' ಎನ್ನುತ್ತಾರೆ ಹಿರಿಯರು. ಈ ಕೆಲಸಕ್ಕೆ ನಾನು ತಕ್ಕವನಲ್ಲವೇ?

ಉತ್ತರ: ಈ ವಾರವೇ ಮನೋವೈದ್ಯರನ್ನೋ ಮನಶ್ಶಾಸ್ತ್ರಜ್ಞರನ್ನೋ ಕಾಣಿ. ಇಂಥ ಕರೆಯ ನಂತರ ಕೆಲವು ದಿನ ಹೀಗಾಗುವುದು ಸಹಜ. ತಿಂಗಳು ದಾಟಿಯೂ ದೃಶ್ಯಗಳು ಬಿಡದಿದ್ದರೆ, ನಿದ್ದೆ ಹೋಗಿದ್ದರೆ, ಆ ರಸ್ತೆ ಅಥವಾ ಆ ಶಬ್ದದಿಂದ ತಪ್ಪಿಸಿಕೊಳ್ಳುವಂತಾಗಿದ್ದರೆ ಅದನ್ನು ವೈದ್ಯರು ಆಘಾತೋತ್ತರ ಒತ್ತಡದ ಕಾಯಿಲೆಯೇ ಎಂದು ಪರೀಕ್ಷಿಸಬೇಕು. ಅದಕ್ಕೆ ಕೆಲಸ ಮಾಡುವ ಮಾತಿನ ಚಿಕಿತ್ಸೆಗಳಿವೆ. 'ಗಟ್ಟಿಯಾಗು' ಅವುಗಳಲ್ಲಿ ಒಂದಲ್ಲ. ಕಾಲು ಮುರಿದ ಸಹೋದ್ಯೋಗಿಗೆ ಆ ಹಿರಿಯರು ಹಾಗೆ ಹೇಳುತ್ತಿರಲಿಲ್ಲ. ನಿದ್ದೆಗೆಂದು ಮದ್ಯದ ಕಡೆ ಹೋಗಬೇಡಿ, ನಮ್ಮ ವೃತ್ತಿಯಲ್ಲಿ ಅದು ಸುಲಭವಾಗಿ ಹತ್ತಿಕೊಳ್ಳುತ್ತದೆ. ಬದುಕುವುದೇ ಬೇಡವೆನ್ನುವ ಯೋಚನೆ ಬಂದರೆ ವಾರದ ತನಕವೂ ಕಾಯಬೇಡಿ. ಆ ಗಳಿಗೆಯಲ್ಲೇ ಯಾರಿಗಾದರೂ ಹೇಳಿ, ತುರ್ತು ವಿಭಾಗಕ್ಕೆ ಹೋಗಿ.

ತಕ್ಕವನೇ ಅಲ್ಲವೇ ಎಂಬ ತೀರ್ಮಾನವನ್ನು ನಿದ್ದೆಗೆಟ್ಟ ತಲೆಗೆ ವಹಿಸಬೇಡಿ. ಸದ್ಯಕ್ಕೆ ಕಂಟ್ರೋಲ್ ರೂಮಿಗೋ ತರಬೇತಿ ವಿಭಾಗಕ್ಕೋ ಬದಲಿಸಿಕೊಡಲು ಕೇಳಿ. ಚಿಕಿತ್ಸೆ ಪಡೆದು ಮತ್ತೆ ವಾಹನ ಹತ್ತಿದವರನ್ನು ನಾನು ಬಲ್ಲೆ, ಹತ್ತದೆ ಬೇರೆ ಕೆಲಸದಲ್ಲಿ ನೆಮ್ಮದಿಯಾಗಿರುವವರನ್ನೂ ಬಲ್ಲೆ.

ಪ್ರಶ್ನೆ: ವೈದ್ಯಳಾಗುವುದು ನನ್ನ ಗುರಿ. ಮೊದಲು ಎರಡು ವರ್ಷ ಆಂಬುಲೆನ್ಸ್‌ನಲ್ಲಿ ದುಡಿದರೆ ವೈದ್ಯಕೀಯ ಕಾಲೇಜಿಗೆ ಹಾದಿ ಸುಲಭವಾಗುತ್ತದೆಯೇ?

ಉತ್ತರ: ಅರ್ಜಿಯ ಜೊತೆ ಅನುಭವವನ್ನೂ ತೂಗಿ ನೋಡುವ ದೇಶಗಳಲ್ಲಿ ಸ್ವಲ್ಪ ಸಹಾಯವಾದೀತು. ಪ್ರವೇಶ ಪರೀಕ್ಷೆಯ ಅಂಕವೇ ಎಲ್ಲವೂ ಆಗಿರುವಲ್ಲಿ ಆ ಎರಡು ವರ್ಷವನ್ನು ಪುಸ್ತಕಕ್ಕೇ ಕೊಡಿ. ರಾತ್ರಿ ಪಾಳಿ ಮಾಡಿ ಹಗಲು ಓದುತ್ತೇನೆ ಎಂದವರು ಓದಿದ್ದನ್ನು ನಾನು ಹೆಚ್ಚು ಕಂಡಿಲ್ಲ. ಆಂಬುಲೆನ್ಸ್ ಮೇಲೆಯೇ ಪ್ರೀತಿಯಿದ್ದರೆ ವೈದ್ಯಳಾದ ಮೇಲೂ ಅದು ಸಿಗುತ್ತದೆ. ಫ್ರಾನ್ಸ್, ಜರ್ಮನಿಗಳಲ್ಲಿ ಗಂಭೀರ ಕರೆಗಳಿಗೆ ವೈದ್ಯರೇ ಸ್ಥಳಕ್ಕೆ ಹೋಗುತ್ತಾರೆ. ಅಂದ ಹಾಗೆ, ನಿಮ್ಮ ಪತ್ರದಲ್ಲಿ ಭೌತಶಾಸ್ತ್ರದ ಅಂಕದ ಪ್ರಸ್ತಾಪವೇ ಇಲ್ಲ. ಮುಂದಿನ ಸಲ ಅದನ್ನೂ ಬರೆಯಿರಿ.