ಯೇಸುವಿಗೆ ಪ್ರಾರ್ಥಿಸಲು ಹೆದರಿದ ಹುಡುಗ: ದಾವಣಗೆರೆಯ ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಾಯಿಸಿದ್ದೇನೆ.)

26 ವರ್ಷದ ಹುಡುಗ, ಕ್ಯಾಥೊಲಿಕ್ ಮನೆತನ. ಪ್ರತಿ ಸೆಪ್ಟೆಂಬರ್ 8ಕ್ಕೆ ಅಮ್ಮನ ಜೊತೆ ಹರಿಹರದ ಆರೋಗ್ಯ ಮಾತೆಯ (ಯೇಸುವಿನ ತಾಯಿ ಮರಿಯಳ) ಹಬ್ಬಕ್ಕೆ ಹೋಗುತ್ತಿದ್ದವನು. ಮಾತೆಯ ಸ್ವರೂಪದ, ಅಂದರೆ ಪ್ರತಿಮೆಯ, ಮುಂದೆ ಮೇಣದಬತ್ತಿ ಹಚ್ಚುವುದು ವಿಗ್ರಹಾರಾಧನೆ ಎಂದು ಯಾರೋ ಹೇಳಿದರು. ಮನೆಯಲ್ಲಿದ್ದ ಸ್ವರೂಪವನ್ನು ಅಟ್ಟಕ್ಕೆ ಹಾಕಿದ. ಅಮ್ಮ ಊಟ ಬಿಟ್ಟರು. ಆಮೇಲೆ ಇನ್ನೊಬ್ಬರು ಬಂದು, ಯೇಸುವೂ ದೇವರಲ್ಲ, ಅವನನ್ನು ಆರಾಧಿಸುವುದೂ ಅದೇ ಪಾಪ ಎಂದರು.

ಅಲ್ಲಿಗೆ ಇವನ ನಿದ್ದೆ ಹೋಯಿತು. ‘ಯೇಸುವೇ’ ಅಂದ ಕೂಡಲೇ ಭಯ. ‘ತಂದೆಯೇ’ ಅಂತ ಮತ್ತೆ ಮೊದಲಿನಿಂದ ಶುರು. ಒಂದೇ ಪ್ರಾರ್ಥನೆ ರಾತ್ರಿ ಎರಡು ಗಂಟೆವರೆಗೂ ನಡೆಯುತ್ತಿತ್ತು.

“ಮೇಡಂ, ನಾನು ಯಾರಿಗೆ ಕೈ ಮುಗೀಲಿ?”

ಸುಮ್ನೆ ತಲೆ ಕೆಡಿಸಿಕೊಳ್ಳಬೇಡ ಅಂತ ಮನೆಯಲ್ಲಿ ಎಲ್ಲರೂ ಹೇಳಿದ್ದರು. ನಾನು ಹಾಗೆ ಹೇಳಲಿಲ್ಲ. ಅವನ ಪ್ರಶ್ನೆ ದೊಡ್ಡದು, ಬಹಳ ಹಳೆಯದು ಕೂಡ. ದೇವರ ಮಗನಾದ ಯೇಸು ಸೃಷ್ಟಿಯಾದವನು ಎಂದು ಅಲೆಕ್ಸಾಂಡ್ರಿಯದ ಪಾದ್ರಿ ಏರಿಯಸ್ ಕಲಿಸಿದಾಗ, ಕ್ರಿ.ಶ. 325ರಲ್ಲಿ ನೈಸಿಯಾದಲ್ಲಿ ಸೇರಿದ ಬಿಷಪ್ಪರ ಸಭೆ ಅದನ್ನು ತಳ್ಳಿಹಾಕಿತು. ಮುಂದೆ ಅಲೆಕ್ಸಾಂಡ್ರಿಯದ ಬಿಷಪ್ ಆದ ಅಥನೇಸಿಯಸ್ ಕೊಟ್ಟ ಉತ್ತರ ಇವನ ಭಯಕ್ಕೆ ನೇರವಾಗಿ ತಾಗುತ್ತದೆ: ಕ್ರಿಸ್ತ ಸೃಷ್ಟಿಯಾದವನಾದರೆ ಅವನ ಆರಾಧನೆ ವಿಗ್ರಹಾರಾಧನೆಯೇ ಆಗುತ್ತದೆ, ಕ್ರೈಸ್ತ ಧರ್ಮಸಭೆ ಅವನನ್ನು ಆರಾಧಿಸುವುದು ಅವನು ದೇವರೇ ಆಗಿರುವುದರಿಂದ.

“ನೋಡಪ್ಪಾ, ಬೈಬಲ್ಲನ್ನೇ ತೆಗೆ” ಅಂದೆ. ಲುಸ್ತ್ರ ಎಂಬ ಊರಿನಲ್ಲಿ ಜನ ತಮ್ಮನ್ನೇ ದೇವರೆಂದುಕೊಂಡು ಬಲಿ ಅರ್ಪಿಸಲು ಬಂದಾಗ ಯೇಸುವಿನ ಸುವಾರ್ತೆ ಸಾರುತ್ತಿದ್ದ ಪೌಲ, ಬಾರ್ನಬರು ಬಟ್ಟೆ ಹರಿದುಕೊಂಡು ತಡೆದರು. ಬೈಬಲ್ಲಿನ ಕೊನೆಯ ಪುಸ್ತಕವಾದ ಪ್ರಕಟನೆಯಲ್ಲಿ ಕಾಲಿಗೆ ಬಿದ್ದ ಯೋಹಾನನನ್ನು ದೇವದೂತನೇ ಬೇಡವೆಂದ. ಆದರೆ ಯೋಹಾನನ ಸುವಾರ್ತೆಯಲ್ಲಿ ಶಿಷ್ಯ ತೋಮ “ನನ್ನ ಸ್ವಾಮಿ, ನನ್ನ ದೇವರು” ಅಂದಾಗ ಯೇಸು ತಡೆಯಲಿಲ್ಲ. ಅದನ್ನು ಅವನು ತುಂಬಾ ಹೊತ್ತು ನೋಡುತ್ತಾ ಕೂತ. “ತಂದೆ ನನಗಿಂತ ದೊಡ್ಡವನು” ಎಂಬ ಮಾತೂ ಅದೇ ಸುವಾರ್ತೆಯಲ್ಲಿದೆ. ಅದನ್ನು ಮುಚ್ಚಿಡದೆ ಫಾದರ್ ಹತ್ತಿರ ಕೇಳು ಎಂದೆ. ಸ್ವರೂಪದ ವಿಷಯಕ್ಕೆ 787ರ ಎರಡನೇ ನೈಸಿಯಾ ಸಭೆಯ ತೀರ್ಮಾನ ಹೇಳಿದೆ: ಚಿತ್ರಕ್ಕೆ ಕೊಡುವ ಗೌರವ ಅದು ತೋರಿಸುವ ವ್ಯಕ್ತಿಗೆ ಸಲ್ಲುತ್ತದೆ, ಆರಾಧನೆ ದೇವರಿಗೆ ಮಾತ್ರ. ಇದನ್ನು ಒಪ್ಪದ ಕ್ರೈಸ್ತರೂ ಇದ್ದಾರೆ. ಅದನ್ನೂ ಹೇಳಿದೆ.

ಆದರೆ ನನಗೆ ಜಾಸ್ತಿ ಚಿಂತೆಯಾದದ್ದು ರಾತ್ರಿ ಎರಡು ಗಂಟೆಯ ಪ್ರಾರ್ಥನೆ. ಎಷ್ಟು ಉತ್ತರ ಕೊಟ್ಟರೂ ಆ ಭಯ ಮತ್ತೊಂದು ಪ್ರಶ್ನೆ ಹುಟ್ಟಿಸುತ್ತದೆ. ಅದು ಗೀಳು ಕಾಯಿಲೆಯ (ಒಸಿಡಿ) ಲಕ್ಷಣ, ನಂಬಿಕೆ ಕಡಿಮೆಯಾದದ್ದಕ್ಕೆ ಬಂದದ್ದಲ್ಲ. ಅದಕ್ಕೆ ಚಿಕಿತ್ಸೆ ಇದೆ. ಪ್ರಾರ್ಥನೆ ಒಂದೇ ಸಲ ಹೇಳು, ತಪ್ಪಾಯಿತು ಅನಿಸಿದರೂ ಮತ್ತೆ ಶುರು ಮಾಡಬೇಡ ಎಂದೆ. ಪ್ರಶ್ನೆಗಳನ್ನು ಬರೆದಿಟ್ಟು ವಾರಕ್ಕೊಮ್ಮೆ ಫಾದರ್ ಹತ್ತಿರ ಮಾತ್ರ ಕೇಳು, ಮೊಬೈಲ್‌ನಲ್ಲಿ ಹುಡುಕಬೇಡ ಎಂದೆ. ಮನೋವೈದ್ಯರಿಗೂ ಚೀಟಿ ಕೊಟ್ಟೆ. ಅಮ್ಮನ ಕ್ಷಮೆ ಕೇಳಬೇಕು, ಯಾಕೆಂದರೆ ಅದು ಅವರ ಸ್ವರೂಪ, ಅವರನ್ನು ಕೇಳದೇ ತೆಗೆದದ್ದು.

ಕ್ಷಮೆ ಕೇಳಿದ, ಔಷಧಿ ಶುರುವಾಗಿದೆ, ನಿದ್ದೆ ಸ್ವಲ್ಪ ಬರುತ್ತಿದೆ. ಮೇಣದಬತ್ತಿ ಹಚ್ಚಲು ಇನ್ನೂ ಮನಸ್ಸಿಲ್ಲ. ಹಚ್ಚಲೇಬೇಕು ಅಂತ ಹಟ ಹಿಡಿಯಬೇಡಿ ಎಂದು ಅಮ್ಮನನ್ನೂ ಕರೆಸಿ ಹೇಳಿದ್ದೇನೆ.